ಕೆಲಸ ಬೇಡ ಎನ್ನಲು ಸುಳ್ಳು ಬೇಕಿಲ್ಲ

ಈಗಷ್ಟೇ ಡಿಗ್ರಿ ಮುಗಿಸಿ ನನ್ನ ಹತ್ತಿರ ಸಲಹೆಗೆ ಬರುವ ಮಕ್ಕಳಲ್ಲಿ ಈ ತೊಂದರೆಯನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಬಂದ ಕೆಲಸ ಬೇಡ ಅಂತ ಇಂಗ್ಲಿಷಿನಲ್ಲಿ ಹೇಳೋಕೆ ಹೆದರುತ್ತಾರೆ. ಸುಮ್ನೆ ಇದ್ದುಬಿಡುತ್ತಾರೆ, ಇಲ್ಲವೇ ಸುಳ್ಳು ಬರೆಯುತ್ತಾರೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಈಕೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೆಂಗಳೂರಿನಲ್ಲಿ ಎರಡು ಕಡೆಯಿಂದ ಆಫರ್ ಬಂತು. ಒಂದನ್ನು ಒಪ್ಪಿಕೊಂಡಳು. ಇನ್ನೊಂದು ಕಂಪನಿಗೆ, ಅಪ್ಪನಿಗೆ ಹುಷಾರಿಲ್ಲ, ಸೇರೋಕೆ ಆಗ್ತಿಲ್ಲ ಅಂತ ಉದ್ದದ ಮೇಲ್ ಹಾಕಿದಳು. ಅಲ್ಲಿನ ಎಚ್‌ಆರ್ ಒಳ್ಳೆಯ ಹೆಂಗಸು. ಫೋನ್ ಮಾಡಿ ಸಮಾಧಾನ ಹೇಳಿ, ಸೇರುವ ದಿನಾಂಕವನ್ನೇ ಮುಂದಕ್ಕೆ ಹಾಕಿದರು. ಆಮೇಲೆ ಫೋನ್ ರಿಂಗಾದರೆ ಸಾಕು, ಇವಳ ಕೈ ನಡುಗುತ್ತಿತ್ತು. ಊಟ ಸೇರುತ್ತಿರಲಿಲ್ಲ.

‘ಅಪ್ಪನನ್ನ ಯಾಕಮ್ಮ ಎಳೆದು ತಂದೆ?’ ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: ‘ಮೇಡಂ, ಸ್ಕೂಲಲ್ಲಿ ನಾನು ಬಾಯಿಪಾಠ ಮಾಡಿದ ಇಂಗ್ಲಿಷ್ ಪತ್ರ ಒಂದೇ, ರಜಾ ಅರ್ಜಿ. ಅದರಲ್ಲಿ ಯಾರಿಗಾದ್ರೂ ಹುಷಾರು ತಪ್ಪಲೇಬೇಕು. ಬರೀ ಬೇಡ ಅಂತ ಬರೆದರೆ ದೊಡ್ಡವರು ಒಪ್ತಾರಾ?’

ಆ ಮೇಲ್ ತೆಗೆಸಿ ಓದಿದೆ. ‘ಕೈಂಡ್ಲಿ’, ‘ಐ ರಿಕ್ವೆಸ್ಟ್ ಯೂ’, ಕೊನೆಗೆ ‘ಯುವರ್ಸ್ ಒಬೀಡಿಯಂಟ್ಲಿ’. ಹೆಡ್‌ಮಾಸ್ಟರ ಮುಂದೆ ಕೈಕಟ್ಟಿ ನಿಂತ ಹುಡುಗಿಯೇ ಅದನ್ನು ಬರೆದ ಹಾಗಿತ್ತು. ಕಂಪನಿ ನಿನ್ನನ್ನು ಕೇಳಿದೆ, ಉತ್ತರ ಹೇಳೋದು ನಿನಗೆ ಬಿಟ್ಟಿದ್ದು, ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ ಅಂತ ಹೇಳಿದೆ.

ಇಬ್ಬರೂ ಕೂತು ಹೊಸದಾಗಿ ಬರೆದೆವು: ‘ಥ್ಯಾಂಕ್ ಯೂ ಫಾರ್ ದಿ ಆಫರ್ ಅಂಡ್ ಫಾರ್ ಯುವರ್ ಕೈಂಡ್‌ನೆಸ್. ಮೈ ಫಾದರ್ ಈಸ್ ವೆಲ್. ಐ ಹ್ಯಾವ್ ಡಿಸೈಡೆಡ್ ಟು ಜಾಯಿನ್ ಅನದರ್ ಕಂಪನಿ, ಸೋ ಐ ಕೆನಾಟ್ ಅಕ್ಸೆಪ್ಟ್ ಯುವರ್ ಆಫರ್. ಐ ಯಾಮ್ ಸಾರಿ ಫಾರ್ ದಿ ಡಿಲೇ.’ ಕ್ಷಮೆ ಒಂದೇ ಸಲ. ಅವಳು ಇನ್ನೆರಡು ಸಲ ಸೇರಿಸಿದಳು, ನಾನು ತೆಗೆಸಿದೆ.

ಸುಳ್ಳು ಹೇಳಿದ್ದನ್ನು ಅವಳು ಒಪ್ಪಿಕೊಳ್ಳಬೇಕಿತ್ತು ಅಂತ ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ನಾನು ಈಗಲೂ ಒಪ್ಪೋದಿಲ್ಲ. ಕಂಪನಿಗೆ ಬೇಕಿದ್ದದ್ದು ಸ್ಪಷ್ಟ ಉತ್ತರ. ಆ ಜಾಗಕ್ಕೆ ಇನ್ಯಾರೋ ಕಾಯ್ತಿರ್ತಾರೆ, ಅಲ್ವಾ? ಮೊದಲೇ ತಲೆ ತಗ್ಗಿಸಿದ್ದವಳನ್ನು ಇನ್ನಷ್ಟು ತಗ್ಗಿಸಿ ಯಾರಿಗೇನು ಸಿಗುತ್ತಿತ್ತು?

ಇಂಥದ್ದೇ ಇಕ್ಕಟ್ಟಿನಲ್ಲಿ ಇರುವವರು ಆಫರ್ ಲೆಟರಿನಲ್ಲಿ ಕೊನೆಯ ದಿನಾಂಕ ಇದೆಯಾ ನೋಡಿ, ಅದರೊಳಗೆ ಉತ್ತರ ಕೊಡಿ. ಸಹಿ ಮಾಡಿ ಕಳಿಸಿದ್ದರೆ ಮೊದಲು ಷರತ್ತುಗಳನ್ನು ಓದಿಕೊಳ್ಳಿ. ಅವರು ಫೋನ್ ಮಾಡಿ ಸಂಬಳ ಜಾಸ್ತಿ ಕೊಡ್ತೀವಿ ಅಂದರೆ ಗಾಬರಿಯಲ್ಲಿ ಹೂಂ ಅನ್ನಬೇಡಿ. ‘ಥ್ಯಾಂಕ್ ಯೂ, ಬಟ್ ಐ ಹ್ಯಾವ್ ಡಿಸೈಡೆಡ್’ ಅಂದರೆ ಸಾಕು. ಗ್ರಾಮರ್ ತಪ್ಪಿದರೂ ಪರವಾಗಿಲ್ಲ.