ಅವರ ಸಾಲ, ನಿಮ್ಮ ನಿದ್ದೆ

ಬೆಟಗೇರಿಯ ಅಕ್ಕಾವರಿಗೆ, (ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.)

ಯಜಮಾನರ ಓಸಿ (ಮಟ್ಕಾ) ಚಟ ಐಪಿಎಲ್ ಬೆಟ್ಟಿಂಗ್‌ವರೆಗೆ ಬೆಳೆದದ್ದು, ನಿಮ್ಮ ಬೋರಮಾಳ ಒತ್ತೆ ಬಿದ್ದದ್ದು, ‘ಇದೊಂದು ಸಲ’ ಎಂದು ಅವರು ಅತ್ತಾಗ ಸಂಘದಲ್ಲಿ ನಿಮ್ಮ ಹೆಸರಿಗೆ ಸಾಲ ಎತ್ತಿಕೊಟ್ಟದ್ದು, ಎಲ್ಲ ಓದಿದೆ. ‘ನಾನು ಮೊದಲೇ ಗಟ್ಟಿಯಾಗಿ ಹೇಳಿದ್ದರೆ ಬಿಡುತ್ತಿದ್ದರೇನೋ’ ಎಂದು ಬರೆದಿದ್ದೀರಿ. ಹಾಗೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹೋದ ದುಡ್ಡನ್ನು ಗೆದ್ದು ತರುತ್ತೇನೆಂದು ಮತ್ತೆ ಮತ್ತೆ ಕಟ್ಟುವುದು ಅದರ ಲಕ್ಷಣ. ಹೆಂಡತಿ ಬೈದರೆ, ಅತ್ತರೆ ನಿಲ್ಲುವಂಥದ್ದಲ್ಲ ಅದು.

ಪತ್ರದಲ್ಲಿ ನನ್ನನ್ನು ಬಹಳ ಕಾಡಿದ ಮಾತು ಬೇರೆ. ನಡುರಾತ್ರಿ ಎದ್ದು ಅವರ ಮೊಬೈಲ್ ತೆಗೆದು ನೋಡುತ್ತೀರಿ, ಆಮೇಲೆ ಬೆಳಗಿನತನಕ ನಿದ್ದೆಯಿಲ್ಲ. ‘ಬೋರಮಾಳ ಎಲ್ಲಿ?’ ಎಂದು ಯಾರಾದರೂ ಕೇಳಿಯಾರೆಂದು ತಂಗಿಯ ಕುಬಸಕ್ಕೂ ಹೋಗಲಿಲ್ಲ. ಅಕ್ಕಾ, ಆ ಮೊಬೈಲ್ ನೋಡುವುದನ್ನು ಇವತ್ತೇ ಬಿಡಿ. ನೋಡಿದ್ದರಿಂದ ಒಂದು ಆಟವೂ ನಿಂತಿಲ್ಲ, ನಿಮ್ಮ ರಕ್ತದೊತ್ತಡ ಮಾತ್ರ ಏರಿದೆ. ತಂಗಿಗೆ ಇದ್ದದ್ದು ಇದ್ದಂತೆ ಹೇಳಿ. ಮನೆತನದ ಮರ್ಯಾದೆಗೆ ಅಂಜಿ ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟೋ ವರ್ಷ ಬಾಯಿ ಕಟ್ಟಿಕೊಂಡು ಇರುತ್ತಾರೆ; ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ದುಡ್ಡಿನ ಮಾತು. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗುವ ಖಾತೆಯ ಪಿನ್ ಅವರಿಗೂ ಗೊತ್ತಿದೆಯಂತೆ. ಬದಲಿಸಿ. ಎಟಿಎಂ ಕಾರ್ಡ್, ಪಾಸ್‌ಬುಕ್, ಉಳಿದ ಬಂಗಾರ ತವರಿನಲ್ಲಿರಲಿ. ಸಂಘದ ಸಾಲ ನಿಮ್ಮ ಹೆಸರಿನದು, ಅದನ್ನು ಕಂತಿನಲ್ಲಿ ತೀರಿಸಲೇಬೇಕು. ಆದರೆ ನೀವು ಸಹಿ ಮಾಡದ, ಜಾಮೀನು ನಿಲ್ಲದ ಅವರ ಕೈಸಾಲಕ್ಕೆ ನೀವು ಹೊಣೆಯಲ್ಲ. ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ಬೆದರಿಸಿದರೆ 112ಕ್ಕೆ ಫೋನ್ ಮಾಡಿ. ಪ್ರತಿ ಸಲ ನೀವು ಸಾಲ ತೀರಿಸಿದಾಗಲೂ ಅವರಿಗೆ ಮತ್ತೆ ಸಾಲ ಹುಟ್ಟಿದೆ, ನಿಮ್ಮ ಪತ್ರವೇ ಹೇಳುತ್ತದೆ. ಊಟಕ್ಕೆ ಬಡಿಸಿ, ಪ್ರೀತಿಯಿಂದ ಮಾತನಾಡಿಸಿ, ದುಡ್ಡು ಕೊಡಬೇಡಿ. ಕಠಿಣ ಮಾತು, ಗೊತ್ತು.

14416 ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ‘ಬದುಕು ಸಾಕು’ ಅನ್ನಿಸಿದ್ದೂ ಉಂಟು ಎಂದು ಪತ್ರದ ಕೊನೆಗೆ ಬರೆದಿದ್ದೀರಲ್ಲ, ಹಾಗನ್ನಿಸಿದ ಗಳಿಗೆಯಲ್ಲೇ ಅಲ್ಲಿಗೆ ಫೋನ್ ಮಾಡಿ, ತಂಗಿಯನ್ನು ಹತ್ತಿರ ಕರೆಸಿಕೊಳ್ಳಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಯಜಮಾನರು ಬಂದರೆ ಒಳ್ಳೆಯದು. ಬರದಿದ್ದರೆ ಅವರ ದಾರಿ ಕಾಯದೆ ನೀವೇ ಹೋಗಿ ಚೀಟಿ ಮಾಡಿಸಿ, ನಿಮ್ಮ ನಿದ್ದೆಯ ವಿಷಯವನ್ನೇ ಮೊದಲು ಹೇಳಿ.

– ಸಂಪಾದಕ