ಅಕ್ಕಿ ಮೂಟೆಗಿಂತ ಮೊದಲು ಬಾವಿ ನೋಡಿ

ಕರೆಂಟು, ಪೆಟ್ರೋಲು, ಅಂಗಡಿ ಎಲ್ಲಾ ನಿಂತುಹೋದರೆ ಬಯಲುಸೀಮೆಯ ನಮ್ಮ ನಲವತ್ತು ಮನೆಯ ಹಳ್ಳಿ ಉಳಿಯುತ್ತದಾ, ಅಕ್ಕಿ ಮೂಟೆ ಕೂಡಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಮೊದಲ ಪೆಟ್ಟು ನೀರಿಗೆ. ನೂರಾರು ಅಡಿ ಆಳದ ಬೋರ್‌ವೆಲ್‌ನಿಂದ ಕೊಡದಲ್ಲಿ ಸೇದೋಕೆ ಆಗುವುದಿಲ್ಲ ಅಲ್ವಾ? ಹಳೇ ಸೇದುವ ಬಾವಿ ಇದ್ದರೆ ಈಗಲೇ ಹೂಳು ತೆಗೆಸಿ, ರಾಟೆ ಹಾಕಿಸಿ.

ಕಾಳಿನಲ್ಲಿ ನಾನು ರಾಗಿಯನ್ನೇ ನಂಬುತ್ತೇನೆ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿಯಲ್ಲಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಆದರೆ ದಯವಿಟ್ಟು ನೆನಪಿಡಿ, ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಉಸಿರು ಕಟ್ಟಿ ಸತ್ತವರಿದ್ದಾರೆ. ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಸಿ ನೋಡಿ. ಆರಿದರೆ ಇಳಿಯಲೇಬೇಡಿ. ಉರಿದರೂ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಹಿಡಿದು ನಿಂತಿರಲಿ.

ಬಿತ್ತನೆ ಕಾಳು ಬೇರೆಯೇ ಇಡಿ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮತ್ತೆ ಬಿತ್ತಿದರೆ ಇಳುವರಿ ಬೀಳುತ್ತದೆ. ನಾಟಿ ಅವರೆ, ತೊಗರಿ ಇದ್ದರೆ ಬೂದಿ ಬೆರೆಸಿ ಎತ್ತಿಡಿ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾಕ್ಕೆ ಅಲ್ಲಿಂದ ಬರುತ್ತಿದ್ದ ಇಂಧನ ತೀರಾ ಕಡಿಮೆಯಾಯಿತು. ಟ್ರ್ಯಾಕ್ಟರ್‌ಗಳು ನಿಂತವು, ಜನ ಮತ್ತೆ ಎತ್ತು ಪಳಗಿಸಿ ಉಳುಮೆ ಮಾಡಿದರು. ನಿಮ್ಮೂರಲ್ಲಿ ಎತ್ತು ಪಳಗಿಸೋಕೆ, ನೇಗಿಲು ಮಾಡೋಕೆ ಬರುವ ಅಜ್ಜಂದಿರು ಯಾರಿದ್ದಾರೆ? ಈ ಬೇಸಿಗೆಯಲ್ಲೇ ಹುಡುಗರನ್ನು ಅವರ ಹತ್ತಿರ ಕಳಿಸಿ.

ಉಪ್ಪು ಮಾತ್ರ ಜಾಸ್ತಿನೇ ತಂದಿಟ್ಟುಕೊಳ್ಳಿ. ನಿಮ್ಮ ಕಡೆ ಸಮುದ್ರ ದೂರ.