8 ವರ್ಷದ ಮಗ ಮತ್ತ ನಾನು, ಇಬ್ಬರಿಗೂ ಸೇರಿ ಒಂದ ಕ್ವಾಡ್ ಬೈಕ್ ಸಾಕಾಗ್ತೈತೇನ್ರಿ?

ನಿಮ್ಮ ಪ್ರಶ್ನೆ ಪೂರಾ ಓದಿದೆ ರೀ. ಮಗ ಅಲಿಬಾಗ್ ಹತ್ರದ ನಾಗಾವ್ ಬೀಚ್‌ನ್ಯಾಗ ಬಾಡಿಗಿ ಕ್ವಾಡ್ ಮ್ಯಾಲ, ಅಂದ್ರ ಬೈಕಿನಂಗ ಹ್ಯಾಂಡಲ್ ಇರೋ ನಾಕು ಗಾಲಿ ಗಾಡಿ ಮ್ಯಾಲ, ಕುಂತು ಬಂದಾಗಿಂದ ಹುಚ್ಚು ಹಿಡದೈತಿ, ನೀವು ಇರೋದು ಪುಣೆದ ವಾಕಡದಾಗ ಫ್ಲಾಟ್‌ನ್ಯಾಗ, ಶಿರವಳ ಹತ್ರ ಗೆಳ್ಯಾಂದು ಎರಡು ಎಕರೆ ಖಾಲಿ ಜಾಗ ಐತಿ, 125 ಸಿಸಿದು ಒಂದು ತಗೊಂಡ್ರ ಈಗ ನಾನೂ ಓಡಸ್ತೀನಿ, ನಾಳೆ ಬೆಳದ ಮ್ಯಾಲ ಅವನೂ ಓಡಸ್ತಾನ ಅಂತ ಲೆಕ್ಕಾ ಹಾಕೀರಿ. ಆ ಲೆಕ್ಕಾನ ಬ್ಯಾಡ್ರಿ. ಶಾಲಿ ಶರ್ಟ್ ಎರಡು ಸೈಜ್ ದೊಡ್ಡದು ಹೊಲಸಿದಂಗ ಕ್ವಾಡ್ ತಗೊಳಾಕ ಬರಂಗಿಲ್ಲ. ಅವನಿಗೆ ಬ್ಯಾರೆ, ನಿಮಗ ಬ್ಯಾರೆ. ಎರಡಕ್ಕೂ ರೊಕ್ಕ ಇಲ್ಲಂದ್ರ ಸದ್ಯ ಅವನ ಅಳತಿದ ತಗೋರಿ, ನೀವು ರೆಸಾರ್ಟ್‌ನ್ಯಾಗ ಬಾಡಿಗಿ ಕೊಟ್ಟು ಓಡಸ್ರಿ.

ನಾ ಬೆಳಗಾವಿಯಾಂವ, ಚಿಂಚವಡದಾಗ ನಂದು ಗ್ಯಾರೇಜ್ ಐತಿ, ಮುಳಶಿ, ಪವನಾ ಕಡೆ ರೆಸಾರ್ಟ್‌ಗಳ ಕ್ವಾಡ್ ಗಾಡಿ ನನ್ನ ಕಡೆ ರಿಪೇರಿಗೆ ಬರ್ತಾವ, ಹಂಗಾಗಿ ಮಾರಾಂವ ಹೇಳಲಾರದ ಮಾತು ಒಂದೀಟು ಹೇಳ್ತೀನಿ.

ಸಿಸಿ ಮಾತು ಮೊದಲ ಮುಗಸೋಣು. ಈ ಕ್ವಾಡ್ ಹೆಚ್ಚು ಓಡೋದು ಅಮೆರಿಕದಾಗ, ಅಲ್ಲಿ ಮೊದಲ ಮೂರು ಗಾಲಿದು ಇತ್ತು, 1970ರಾಗ ಹೋಂಡಾದವರು ತಂದದ್ದು, ಅದು ಮಗುಚಿ ಮಗುಚಿ ಭಾಳ ಮಂದಿ ಸತ್ತು ಕೈಕಾಲು ಮುರಕೊಂಡ ಮ್ಯಾಲ 1988ರಾಗ ಸರಕಾರಕ್ಕೂ ಕಂಪನಿಗಳಿಗೂ ಕೋರ್ಟ್‌ನ್ಯಾಗ ಒಪ್ಪಂದ ಆಗಿ ಹೊಸ ಮೂರು ಗಾಲಿ ಗಾಡಿ ಮಾರೋದ ನಿಂತ್ಹೋತು. ನಾಕು ಗಾಲಿದಕ್ಕೂ ವಯಸ್ಸಿನ ಗೆರಿ ಎಳದ್ರು, 12ರ ಕೆಳಗಿನವರಿಗೆ 70 ಸಿಸಿ ಒಳಗ, 12ರಿಂದ 15ಕ್ಕ 90 ತನಕ, ಅದು ದಾಟಿದ್ದು 16 ತುಂಬಿದವರಿಗೆ ಅಷ್ಟ. ಈಗ ಅಲ್ಲಿ ಸಿಸಿಗಿಂತ ಸ್ಪೀಡ್ ನೋಡಿ ವಯಸ್ಸು ಬರೀತಾರ, ವೈ-6+ ಅಂತ ಇದ್ರ 6 ವರ್ಷದ ಮ್ಯಾಲಿನವರಿಗೆ, ಲಿಮಿಟರ್ (ಸ್ಪೀಡ್ ತಡೆಯೋ ಸಾಧನ) ಹಾಕಿದಾಗ ಗಂಟೆಗೆ ಸುಮಾರು 16 ಕಿಮೀ, ತಗದ್ರೂ 24 ದಾಟಬಾರದು. ಆಮ್ಯಾಲ 10+, 12+, 14+ ಹಿಂಗ ಹೋಗ್ತೈತಿ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ ಅಂತೂ 16ರ ಕೆಳಗ ಯಾರೂ ಹತ್ತಬ್ಯಾಡ್ರಿ ಅಂತ ಹೇಳ್ತೈತಿ. ಆ ಮಾತು ಮನಿಯಾಗ ಎಲ್ಲಾರೂ ಕೂತು ಒಮ್ಮೆ ವಿಚಾರ ಮಾಡ್ರಿ, ಮಾಡಿದ ಮ್ಯಾಲೂ ತಗೊಳೋದ ಅಂದ್ರ ಮುಂದಿಂದು ಓದ್ರಿ.

ನಮ್ಮಲ್ಲಿ ಮಾರೋರು ಈ ವಯಸ್ಸಿನ ಮಾತ ಎತ್ತಂಗಿಲ್ಲ. 7 ಇಂಚ್ ಟೈರ್, 8 ಇಂಚ್ ಟೈರ್ ಅಂತಾರ, ಲೈಟ್ ಹೆಂಗ ಹತ್ತತೈತಿ ತೋರಸ್ತಾರ, ಸೀಟ್ ಮ್ಯಾಲ ಕೂಡಸಿ ಫೋಟೋ ತಗಸ್ತಾರ, ಆತು.

ನೀವು ಅಂಗಡ್ಯಾಗ ಹಿಂಗ ಮಾಡ್ರಿ. ಹುಡುಗನ್ನ ಕೂಡಸಬ್ಯಾಡ್ರಿ, ಫುಟ್‌ರೆಸ್ಟ್ ಮ್ಯಾಲ ನಿಂದರಸ್ರಿ. ನಿಂತಾಗ ಸೀಟಿಗೂ ಅವನಿಗೂ ನಡುವ ಮೂರು ಇಂಚರ ಸಂದು ಇರಬೇಕು, ಇಲ್ಲಂದ್ರ ಗುಂಡಿ ಬಂದಾಗ ಎದ್ದು ನಿಂದ್ರಾಕ ಬರಂಗಿಲ್ಲ, ಸೀಟು ಎತ್ತಿ ಒಗೀತೈತಿ. ಆಮ್ಯಾಲ ಕುಂತು ಹ್ಯಾಂಡಲ್ ಎಡಕ್ಕ ಪೂರಾ, ಬಲಕ್ಕ ಪೂರಾ ತಿರುಗಸಲಿ, ಹೊರಗಿನ ಕೈ ಮೊಣಕೈಯಾಗ ಒಂದೀಟು ಬಗ್ಗೇ ಇರಬೇಕು, ಕೈ ಪೂರಾ ಚಾಚಿ ಮೈ ಹಿಂದ ಬಂತು ಅಂದ್ರ ಗಾಡಿ ದೊಡ್ಡದು. ಬ್ರೇಕ್ ಲಿವರ್ ಮ್ಯಾಲ ನಡುವಿನ ಬೆರಳಿನ ಮೊದಲನೇ ಗೆಣ್ಣು ದಾಟಿ ಹಿಡಕಿ ಸಿಗಬೇಕು, ತುದಿಯಿಂದ ಎಳೆಯೋದು ನಡಿಯಂಗಿಲ್ಲ. ಎಕ್ಸಿಲೇಟರ್ ಇದರಾಗ ಸ್ಕೂಟಿಯಂಗ ತಿರುವೋದಲ್ಲ, ಹೆಬ್ಬಟ್ಟಿನಿಂದ ಒತ್ತೋದು, ಹ್ಯಾಂಡಲ್ ಪೂರಾ ತಿರುಗಿದಾಗೂ ಹೆಬ್ಬಟ್ಟು ಅದನ್ನ ಬಿಡಾಕ ಬರಬೇಕು, ಸಣ್ಣ ಕೈ ಇದ್ರ ತಿರುವಿನ್ಯಾಗ ಗ್ರಿಪ್ ಹಿಡಿಯೋ ಜೋರಿನ್ಯಾಗ ಎಕ್ಸಿಲೇಟರೂ ಒತ್ತಿಬಿಡ್ತಾವ, ಗಾಡಿ ಬೇಲಿಗೆ ಹೋಗಿ ಬಡಿಯೋದು ಹೆಚ್ಚಿಗಿ ಹಿಂಗ. ನೀವು ಕೇಳಿದ 125 ಸಿಸಿ ಗಾಡಿ ಸಾಮಾನ್ಯ 100 ಕಿಲೋ ಆಸುಪಾಸು ಇರ್ತೈತಿ, 8 ವರ್ಷದ ಹುಡುಗ 25 ಕಿಲೋ, ಮ್ಯಾಲ ಬಿದ್ರ ಅವನ ಕೈಲಿ ಸರಸಾಕ ಆಗಂಗಿಲ್ಲ.

ಈಗ ಖರೇ ಮಾತಿಗೆ ಬರ್ತೀನಿ. ನಾಕು ಗಾಲಿ ಐತಿ ಅಂದ್ರ ಬೀಳಂಗಿಲ್ಲ ಅಂತ ಎಲ್ಲಾರೂ ತಿಳ್ಕೊಂಡಾರ, ನೀವೂ ಹಂಗ ಬರದೀರಿ. ಸಣ್ಣ ಕ್ವಾಡ್‌ನ್ಯಾಗ ಹಿಂದಿನ ಎರಡೂ ಗಾಲಿ ಒಂದ ಆಕ್ಸಲ್‌ಗೆ ಗಟ್ಟಿ ಕುಂತಿರ್ತಾವ, ಎರಡು ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೋ ಡಿಫರೆನ್ಷಿಯಲ್ ಕಾರಿನಂಗ ಇರಂಗಿಲ್ಲ. ತಿರುವಿನ್ಯಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿಂದು ಕಡಿಮಿ, ಆದ್ರ ಎರಡೂ ಜೋಡಿ ತಿರುಗ್ತಾವ, ಅಂದ್ರ ಒಂದು ಜಾರಲೇಬೇಕು. ಮಣ್ಣು ಉಸುಕಿನ್ಯಾಗ ಆರಾಮ ಜಾರತೈತಿ. ನಿಮ್ಮ ಸೊಸೈಟಿ ಪಾರ್ಕಿಂಗ್ ಕಾಂಕ್ರೀಟ್ ಮ್ಯಾಲ ಜಾರಂಗಿಲ್ಲ, ಗಾಡಿ ನೆಟ್ಟಗ ಹೋಗಾಕ ನೋಡ್ತೈತಿ, ಹುಡುಗ ಜೋರಿನ್ಯಾಗ ಹ್ಯಾಂಡಲ್ ಜಗ್ಗತಾನ, ಒಳಗಿನ ಗಾಲಿ ಎದ್ದು ಗಾಡಿ ಹೊರಗಿನ ಮಗ್ಗಲಿಗೆ ಹೊಳ್ಳತೈತಿ. ಅದಕ್ಕ ತಿರುವಿನ್ಯಾಗ ಮೈಯೆಲ್ಲಾ ಒಳಗಿನ ಕಡೆ ವಾಲಸಬೇಕು, ಏರಿನ್ಯಾಗ ಮುಂದ, ಇಳುವಿನ್ಯಾಗ ಹಿಂದ. ಸೀಟು ಅಷ್ಟು ಉದ್ದ ಕೊಟ್ಟಿರೋದು ಇದಕ್ಕ ರೀ, ಇಬ್ಬರು ಕುಂಡ್ರಾಕ ಅಲ್ಲ. ಬೀಚ್‌ನ್ಯಾಗ ಅಪ್ಪ ಹಿಂದ, ಮಗ ಮುಂದ ಕುಂತು ಹೋಗ್ತಾರಲ್ಲ, ಅಪ್ಪ ಅಲ್ಲಾಡಾಕ ಬರಂಗಿಲ್ಲ, ಗಾಡಿ ಗಕ್ಕನ ನಿಂತ್ರ ಹುಡುಗನ ಎದಿ ಹೋಗಿ ಹ್ಯಾಂಡಲ್‌ಗೆ ಬಡೀತೈತಿ, ಹಿಂದಿನಿಂದ ಅಪ್ಪನ ಭಾರ ಬ್ಯಾರೆ. ಒಬ್ಬರ ಗಾಡಿ ಅಂದ್ರ ಒಬ್ಬರದ.

ಮಗನಿಗೆ ಎರಡು ದಾರಿ ಅದಾವ. ಒಂದು, ಮಕ್ಕಳ ಎಲೆಕ್ಟ್ರಿಕ್ ಕ್ವಾಡ್, 36 ಅಥವಾ 48 ವೋಲ್ಟ್ ಬ್ಯಾಟರಿದು. 12 ವೋಲ್ಟಿನ ಆಟಿಗಿ ಸಾಮಾನು ಬ್ಯಾಡ, ಅದು 8 ವರ್ಷದಾಂವಗ ಸಾಕಾಗಂಗಿಲ್ಲ. ಸದ್ದಿಲ್ಲ, ಗೆಳ್ಯಾನ ಬಾಜೂಕಿನ ಹೊಲದವರು ಜಗಳಕ್ಕ ಬರಂಗಿಲ್ಲ, ಸ್ಪೀಡ್ ಲಾಕ್ ಮಾಡಾಕ ಬರ್ತೈತಿ. ಇನ್ನೊಂದು, 50 ಸಿಸಿ ಆಸುಪಾಸಿಂದು ಪೆಟ್ರೋಲ್ ಗಾಡಿ, ಆಟೋಮ್ಯಾಟಿಕ್. ಪೋಲಾರಿಸ್‌ನವರ ಔಟ್‌ಲಾ 50 ಆ ವರ್ಗದ್ದು. ಚೀನಾದಿಂದ ಬರೋ 49 ಸಿಸಿ ಟೂ ಸ್ಟ್ರೋಕ್ ಪುಟ್ಟ ಗಾಡಿ ಸಸ್ತಾ ಸಿಗ್ತಾವ, ಹಗ್ಗ ಎಳದು ಸ್ಟಾರ್ಟ್ ಮಾಡೋದು, ಆಯಿಲ್ ಕಲಸೋದು, ಬ್ರೇಕ್ ಹೆಂಗೋ ಏನೋ, ನನಗ ಮನಸ್ಸಿಲ್ಲ. ಪೆಟ್ರೋಲ್ ಗಾಡಿ ಇದ್ರ ಎಕ್ಸಿಲೇಟರ್ ಡಬ್ಬಿ ಮ್ಯಾಲ ಲಿಮಿಟರ್ ಸ್ಕ್ರೂ, ಎಲೆಕ್ಟ್ರಿಕ್ ಇದ್ರ ಸ್ಪೀಡ್ ಲಾಕ್ ಇರಬೇಕು, ಯಾವುದ ಇರಲಿ ಹಿಂದ ಕಿಲ್ ಸ್ವಿಚ್‌ಗೆ (ಜಗ್ಗಿದ್ರ ಗಾಡಿ ಬಂದ್ ಆಗೋ ಸ್ವಿಚ್) ದಾರ ಇರಬೇಕು. ಸುರುವಿಗೆ ಆ ದಾರ ನಿಮ್ಮ ಕೈಯಾಗ, ನೀವು ಹಿಂದ ಓಡೋದು. ಹಳೇ ಟೈರ್ ನಾಕು ಇಟ್ಟು ಅದರ ಸುತ್ತ ಎಂಟಿನ ಆಕಾರದಾಗ ಓಡಸ್ರಿ, ಆದ್ರ ಅದಕ್ಕೂ ಮೊದಲ ಬರೇ ನಿಂದರಸೋದು ಕಲಸ್ರಿ, ನೀವು ಹೇಳಿದ ಜಾಗಕ್ಕ ನಿಂದರಸಾಕ ಬಂದ ಮ್ಯಾಲ ಸ್ಕ್ರೂ ಒಂದು ಸುತ್ತು ಬಿಡ್ರಿ, ಇಲ್ಲಾ ಸ್ಪೀಡ್ ಲಾಕ್ ಒಂದು ಹಂತ ಏರಸ್ರಿ.

ನಿಮಗ? 200 ಸಿಸಿ ಆಟೋಮ್ಯಾಟಿಕ್ ಸಾಕು, ಪೋಲಾರಿಸ್ ಫೀನಿಕ್ಸ್ 200 ಅಂಥಾದ್ದು, ಕಂಪನಿಯವರು ಅದಕ್ಕ 14+ ಅಂತ ಬರದಾರ. ಸ್ಪೋರ್ಟ್ಸ್‌ಮನ್ 570 ನೋಡಿ ಆಸಿ ಪಡಬ್ಯಾಡ್ರಿ, ಖಾಲಿ ಗಾಡಿನ 300 ಕಿಲೋ ಮ್ಯಾಲ. ನೀವು ಬುಲೆಟ್ ಓಡಸ್ತೀನಿ ಅಂದೀರಲ್ಲ, ಅದ ನಿಮಗ ಅಡ್ಡ ಬರೋದು. ಬೈಕ್‌ನಾಂವ ಗಾಡಿ ವಾಲಿತು ಅಂದ್ರ ಕಾಲು ಕೆಳಗ ಕೊಡ್ತಾನ, ಇಲ್ಲಿ ಕಾಲು ಇಳಸಿದ್ರ ಹಿಂದಿನ ಗಾಲಿ ಹಿಮ್ಮಡಿ ಹಿಡದು ಜಗ್ಗಿ ಕಾಲು ಒಳಗ ಎಳಕೊಳ್ಳತೈತಿ. ಏನ ಆಗಲಿ ಕಾಲು ಫುಟ್‌ರೆಸ್ಟ್ ಮ್ಯಾಲ ಇರಬೇಕು.

ಸೆಕೆಂಡ್ ಹ್ಯಾಂಡ್ ಕೇಳೀರಿ. ಮಳಿಗಾಲ ಬರೋ ಮುಂದ ಅಲಿಬಾಗ್ ಕಡೆ ಬೀಚ್ ಗಾಡಿ ಮಾರಾಟಕ್ಕ ಬರ್ತಾವ, ಹೊಸಾ ಬಣ್ಣ ಹೊಡದು ಮಸ್ತ್ ಕಾಣ್ತಾವ. ಬಣ್ಣದ ಕೆಳಗ ಉಪ್ಪು ನೀರು ತಿಂದಿರ್ತೈತಿ. ಮುಂದಿನ ಗಾಲಿ ಎತ್ತಿ ಮ್ಯಾಲ ಕೆಳಗ ಹಿಡದು ಅಲ್ಲಾಡಸ್ರಿ, ಟಕ್ ಟಕ್ ಅಂದ್ರ ಬಾಲ್ ಜಾಯಿಂಟ್ ಇಲ್ಲಾ ಬೇರಿಂಗ್ ಹೋಗೈತಿ. ಹಿಂದಿನ ಗಾಲಿ ಮಗ್ಗಲಿಗೆ ಜಗ್ಗಿ ಆಕ್ಸಲ್ ಆಟ ನೋಡ್ರಿ. ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹಿಡಿಯೋ ತೋಳು) ಕೂಡೋ ಕಡೆ, ಫುಟ್‌ರೆಸ್ಟ್ ಬುಡದಾಗ ಮುರದದ್ದನ್ನ ಮತ್ತ ವೆಲ್ಡಿಂಗ್ ಮಾಡಿದ ಗುರುತು ಇದ್ರ ಮಾತಾಡದ ಎದ್ದು ಬರ್ರಿ. ಬೀಚ್ ಗಾಡಿ ನಾ ನನ್ನ ತಮ್ಮಗೂ ಕೊಡಸಂಗಿಲ್ಲ.

ಹವಾ ಮಾತು ಒಂದು. ಈ ಟೈರಿಗೆ ಹೆಚ್ಚು ಕಡಿಮಿ 3ರಿಂದ 5 ಪಿಎಸ್‌ಐ, ಟೈರ್ ಮ್ಯಾಲೆ ಬರದಿರ್ತೈತಿ. ಪಂಕ್ಚರ್ ಅಂಗಡಿಯಾಂವ ಸ್ಕೂಟರಿಗೆ ಹೊಡದಂಗ 30 ಹೊಡೀತಾನ, ಆಮ್ಯಾಲ ಗಾಡಿ ಪುಟೀತೈತಿ. ಎಡಬಲ ಒಂದ ಇರಬೇಕು, ಇಲ್ಲಂದ್ರ ಒಂದು ಮಗ್ಗಲಿಗೆ ಜಗ್ಗತೈತಿ. ಕಡಿಮಿ ಪ್ರೆಷರ್ ಅಳಿಯೋ ಗೇಜ್ ಬ್ಯಾರೆನ ಸಿಗ್ತೈತಿ, ಅದು ತಗೋರಿ, ಪಂಪಿನವರ ಗೇಜ್ ಇಷ್ಟು ಕೆಳಗ ಸರಿಯಾಗಿ ತೋರಸಂಗಿಲ್ಲ.

ರೋಡಿನ ಮಾತು. ಇಂಥಾ ಮಕ್ಕಳ ಕ್ವಾಡ್‌ಗೆ ಆರ್‌ಟಿಓದಾಗ ನಂಬರ್ ಸಿಗಂಗಿಲ್ಲ, ಮಾರಾಂವ ಏನ ಹೇಳಲಿ. ಮೋಟಾರು ವಾಹನ ಕಾಯ್ದೆದಾಗ ಪಬ್ಲಿಕ್ ಪ್ಲೇಸ್ ಅಂದ್ರ ಬರೇ ರೋಡ್ ಅಲ್ಲ, ಮಂದಿಗೆ ಬರಾಕ ಹಕ್ಕಿರೋ ಜಾಗ ಎಲ್ಲಾ ಬಂತು. 2019ರ ತಿದ್ದುಪಡಿ ಆದ ಮ್ಯಾಲ 199ಎ ಸೆಕ್ಷನ್ ಬಂದೈತಿ, ಸಣ್ಣ ಹುಡುಗ ಓಡಸಿ ಸಿಕ್ಕಬಿದ್ರ ತಾಯಿ-ತಂದಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗೋವಾಕ್ಕ ಟೆಂಪೋದಾಗ ಹಾಕ್ಕೊಂಡು ಹೋಗಿ ಬೀಚ್ ಮ್ಯಾಲ ಓಡಸ್ತೀವಿ ಅಂತ ಬರದೀರಿ, ಅಲ್ಲಿ ಬೀಚ್ ಮ್ಯಾಲ ಗಾಡಿ ಇಳಸಿದ್ರ ಪೊಲೀಸರು ಕೇಸ್ ಹಾಕ್ತಾರ. ಪುಣೆದ ವೇತಾಳ ಟೇಕಡಿ ಗುಡ್ಡ ಅಂಥಾ ಜಾಗೂ ಬ್ಯಾಡ, ಅದು ಮಂದಿ ಮುಂಜಾನೆ ವಾಕಿಂಗ್ ಬರೋ ಜಾಗ. ಶಿರವಳದ ಖಾಸಗಿ ಜಾಗನ ಸರಿ.

ಬಜೆಟ್‌ನ್ಯಾಗ ಸಾಮಾನಿಗೆ ಮೊದಲ ರೊಕ್ಕ ತಗದಿಡ್ರಿ, ಉಳದದ್ದು ಗಾಡಿಗೆ. ಅವನ ತಲಿ ಅಳತಿದ ಫುಲ್ ಫೇಸ್ ಹೆಲ್ಮೆಟ್, ನಿಮ್ಮ ಹಳೇದು ಅಲ್ಲ, ದೊಡ್ಡದು ಹಾಕಿದ್ರ ಕಣ್ಣಿನ ಮ್ಯಾಲ ಇಳೀತೈತಿ. ಗಾಗಲ್, ಗ್ಲೌಸ್, ತುಂಬು ತೋಳಿನ ಅಂಗಿ, ಹಿಮ್ಮಡಿ ಗಂಟು ಮುಚ್ಚೋ ಬೂಟು. ಚಪ್ಪಲ್ ಹಾಕ್ಕೊಂಡು ಬಂದ್ರ ಅವತ್ತು ಗಾಡಿ ಇಲ್ಲ.

ಗೆಳ್ಯಾನ ಜಾಗ ಒಮ್ಮೆ ನಡಕೋತ ಪೂರಾ ಸುತ್ತಾಡಿ ಬರ್ರಿ, ಹುಲ್ಲಿನ್ಯಾಗ ಮುಚ್ಚಿದ ತಂತಿ ಬೇಲಿ, ಹಳೇ ಬೋರ್‌ವೆಲ್ ಗುಂಡಿ, ಕಟ್ಟಿ ಇಲ್ಲದ ಬಾವಿ ಏನರ ಅದಾವೇನು ನೋಡಿ ಇಲ್ಲೇ ಕೆಳಗ ಬರೀರಿ, ಜೋಡಿ ಹುಡುಗನ ಎತ್ತರ ಎಷ್ಟು ಅಂತನೂ ಬರೀರಿ, ಯಾವ ಗಾಡಿ ಮೊದಲ ನೋಡಬೇಕು ಅಂತ ಹೇಳ್ತೀನಿ.